ಏಳು ಗಂಟೆ ಜಾಗದ ಗೆರೆ

ಅಪ್ಪ ಮಧ್ಯಾಹ್ನ ಊಟ ಮಾಡಿ ಮಲಗಿದರೆ ಅವರ ಬಲಗಣ್ಣು ಮಾತ್ರ ಮಲಗುತ್ತಿತ್ತು. ಎಡಗಣ್ಣು ಕೃತಕದ್ದು. ರೆಪ್ಪೆ ಅದರ ಮೇಲೆ ಪೂರ್ತಿ ಕೂಡುತ್ತಿರಲಿಲ್ಲ, ಸಣ್ಣದೊಂದು ಸಂದು ಬಿಟ್ಟೇ ಇರುತ್ತಿತ್ತು. ಆರು ವರ್ಷದ ಹುಡುಗಿ ನೀರು ಕುಡಿಯಬೇಕೆಂದರೆ ಆ ಕೋಣೆ ದಾಟಿ ಅಡುಗೆಮನೆಗೆ ಹೋಗಬೇಕು. ಗೊರಕೆ ಹೊಡೆಯುತ್ತಿರುವ ಅಪ್ಪ, ಆ ಸಂದಿನಿಂದ ಅವಳನ್ನೇ ನೋಡುತ್ತಿರುವ ಕಣ್ಣು. ಎಷ್ಟು ಸಲ ಬಾಯಾರಿಕೆಯನ್ನೇ ನುಂಗಿಕೊಂಡು ಹೊಸ್ತಿಲಿಂದ ಹಿಂದಕ್ಕೆ ಬಂದಿದ್ದಾಳೋ ಅವಳಿಗೇ ಗೊತ್ತಿಲ್ಲ.

ಕಾಣುವ ಕಣ್ಣು ಅವಳನ್ನು ನೋಡಿದ್ದರೆ ಈ ಕಾಣದ ಕಣ್ಣಿನ ಭಯ ಎಂದೋ ಹೋಗುತ್ತಿತ್ತು. ಆದರೆ ಊಟಕ್ಕೆ ಕೂತರೆ ಅಪ್ಪ ತಮ್ಮ ಎಡಗಡೆಯನ್ನು ಅವಳತ್ತ ತಿರುಗಿಸಿಕೊಂಡೇ ಕೂರುತ್ತಿದ್ದರು. ರಸ್ತೆಯಲ್ಲಿ ಕೈ ಹಿಡಿದು ನಡೆಸಿದರೂ ಅವಳದು ಎಡಗಡೆಯೇ. ಹೊಡೆಯಲಿಲ್ಲ, ಬೈಯಲಿಲ್ಲ, ಪುಸ್ತಕ, ಚಪ್ಪಲಿ, ಔಷಧಿ ಯಾವುದಕ್ಕೂ ಇಲ್ಲ ಎನ್ನಲಿಲ್ಲ. ನೋಡಲಿಲ್ಲ, ಅಷ್ಟೇ. ಅಷ್ಟೇ ಎನ್ನುವುದು ಸುಲಭ, ಅದರೊಳಗೆ ಬೆಳೆಯುವುದು ಕಷ್ಟ.

ಕಾರಣ ಅವಳ ಕಣ್ಣು. ಅಪ್ಪನದು ಕಡುಕಂದು, ಅಮ್ಮನದೂ ಕಡುಕಂದು. ಇವಳಿಗೆ ಮಾತ್ರ ಬೆಕ್ಕಿನ ಕಣ್ಣು, ಹಸಿರೆಂದರೆ ಹಸಿರಲ್ಲ, ಜೇನೆಂದರೆ ಜೇನಲ್ಲ. ಎಡಗಣ್ಣಿನಲ್ಲಿ ಕೆಳಗೆ ಓರೆಯಾಗಿ ಒಂದು ಕಂದು ಗೆರೆ ಬೇರೆ. ಬೀದಿಯ ಮಕ್ಕಳು 'ಮಿಯಾಂವ್' ಎಂದರೆ ಅವಳೂ ತಿರುಗಿ ಪರಚಿಬಿಡುತ್ತಿದ್ದಳು. ದೊಡ್ಡವರ ಬಾಯನ್ನು ಪರಚುವುದು ಹೇಗೆ? ಅವಳು ಹುಟ್ಟುವ ಹಿಂದಿನ ವರ್ಷ ಮಹಡಿ ಮನೆಯಲ್ಲಿ ಒಬ್ಬ ಬಾಡಿಗೆಯವನಿದ್ದನಂತೆ, ಅವನದೂ ತಿಳಿಗಣ್ಣಂತೆ. ಇಷ್ಟು ಸಾಕಲ್ಲ. ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಕೇಳುವವರು ಬೆಂಕಿಯನ್ನು ಎಂದೂ ಕಂಡವರಲ್ಲ, ಹೊಗೆ ಊದುವುದರಲ್ಲಿ ಮಾತ್ರ ಗಟ್ಟಿಗರು.

ಊರ ಬಾಯಿ ಹಾಗಿರಲಿ, ಮನೆಯೊಳಗೆ ಮೊದಲ ತೀರ್ಪು ಕೊಟ್ಟದ್ದು ಅಪ್ಪನ ತಾಯಿ. ಅಮ್ಮ ಅದನ್ನು ಒಂದೇ ಒಂದು ಸಲ ಹೇಳಿದ್ದಳು, ಬಟ್ಟೆ ಮಡಚುತ್ತ, ಯಾರದೋ ಮನೆಯ ಸುದ್ದಿ ಎಂಬ ಹಾಗೆ.

"ನೀನು ಹುಟ್ಟಿ ಕಣ್ಣಿನ ಬಣ್ಣ ತಿಳಿಯೋ ಹೊತ್ತಿಗೆ ನಿಮ್ಮಜ್ಜಿ ಬಂದ್ರು. ನಿನ್ನ ಎತ್ತಿಕೊಂಡು ಬೆಳಕಿಗೆ ಹಿಡಿದ್ರು. ನೋಡಿದ್ರು. ಮುಖಕ್ಕೆ ಸೆರಗು ಮುಚ್ಕೊಂಡು ಅತ್ತುಬಿಟ್ರು. ಒಂದು ಮಾತು ಆಡ್ಲಿಲ್ಲ. ನಿಮ್ಮಪ್ಪ ಬಾಗಿಲಲ್ಲೇ ನಿಂತಿದ್ರು."

"ಆಮೇಲೆ?"

"ಆಮೇಲೇನು. ಬಟ್ಟೆ ಮಡಚು."

ಅಜ್ಜಿ ಸಾಯುವವರೆಗೂ ಆ ಅಳುವಿನ ಕಾರಣ ಹೇಳಲಿಲ್ಲ. ಎಲ್ಲರೂ ತಮಗೆ ಬೇಕಾದ ಕಾರಣ ಹಾಕಿಕೊಂಡರು. ಅಪ್ಪನೂ ಹಾಕಿಕೊಂಡರು.

ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ನಾಲ್ಕು ಚೌಕ ಬರೆದು ಕಣ್ಣಿನ ಬಣ್ಣ ಹೇಗೆ ಇಳಿದು ಬರುತ್ತದೆಂದು ವಿವರಿಸಿದರು. ಕಂದು ಬಲಶಾಲಿ, ತಿಳಿ ಬಣ್ಣ ಸಾಧು. ಆದರೆ ಸಾಧು ಸಾಯುವುದಿಲ್ಲ, ಬಲಶಾಲಿಯ ಬೆನ್ನ ಹಿಂದೆ ಅಡಗಿ ಕೂತಿರುತ್ತದೆ. ತಾಯಿಯಲ್ಲೂ ತಂದೆಯಲ್ಲೂ ಹಾಗೆ ಅಡಗಿದ್ದರೆ ಕಂದು ಕಣ್ಣಿನ ಇಬ್ಬರಿಗೂ ತಿಳಿಗಣ್ಣಿನ ಮಗು ಹುಟ್ಟಬಹುದು. ಅವಳ ಎದೆ ಹಗುರಾಯಿತು. ಅಮ್ಮನ ತಂದೆಗೆ ತಿಳಿಗಣ್ಣಿತ್ತು, ಅರ್ಧ ಉತ್ತರ ಸಿಕ್ಕಿತು. ಇನ್ನರ್ಧಕ್ಕೆ ಕೈ ಎತ್ತಿ ಕೇಳಿದಳು. "ಸಾರ್, ಅಪ್ಪನ ಕಡೆ ಯಾರಿಗೂ ಇಲ್ಲದಿದ್ರೆ?"

"ಹಾಗಾದ್ರೆ ಪಕ್ಕದ ಮನೇಲಿ ವಿಚಾರಿಸಬೇಕಮ್ಮ" ಎಂದರು ಮೇಷ್ಟ್ರು. ತರಗತಿ ನಕ್ಕಿತು. ಅವರು ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಆಡಿದ್ದಲ್ಲ. ಹಾಗೆ ಆಡಿದ ಮಾತೇ ಹೆಚ್ಚು ಆಳಕ್ಕೆ ಇಳಿಯುತ್ತದೆ. ಅಂದು ಸಂಜೆ ಅವಳು ಅಮ್ಮನ ಮುಖವನ್ನು ಮೊದಲ ಸಲ ಅನುಮಾನದಿಂದ ನೋಡಿದಳು. ಅಮ್ಮನಿಗೆ ಅದು ಗೊತ್ತಾಯಿತು.

ಅಪ್ಪನದು ಗಡಿಯಾರ ರಿಪೇರಿ ಅಂಗಡಿ. ಒಂದೇ ಕಣ್ಣಿದ್ದವರಿಗೆ ಹೇಳಿ ಮಾಡಿಸಿದ ಕಸುಬು ಎಂದು ಅವರೇ ನಗುತ್ತಿದ್ದರು, ಭೂತಗನ್ನಡಿ ಹಾಕಿಕೊಳ್ಳಲು ಎರಡನೇ ಕಣ್ಣು ಮುಚ್ಚುವ ಕಷ್ಟವಿಲ್ಲವಲ್ಲ. ಮೂರು ವರ್ಷದವರಿದ್ದಾಗ ಆಡುತ್ತ ಕತ್ತರಿಯ ಮೇಲೆ ಬಿದ್ದು ಎಡಗಣ್ಣು ಹೋಗಿತ್ತು. ಅವರಿಗೆ ಅದರ ನೆನಪಿಲ್ಲ. ಅಂದಿನಿಂದ ಅವರ ಕಣ್ಣು ತಯಾರಾಗುತ್ತಿದ್ದುದು ಕಣ್ಣಾಸ್ಪತ್ರೆಯ ಹಿಂಭಾಗದ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ಮೂರು ಕೋಣೆ, ಉತ್ತರಕ್ಕೆ ದೊಡ್ಡ ಕಿಟಕಿ, ಎರಡು ಮೇಜು. ಮೊದಲು ದೊಡ್ಡ ಯಜಮಾನರು ಮಾಡುತ್ತಿದ್ದರು, ಅವರ ನಂತರ ಮಗ ಚಿಕ್ಕ ಯಜಮಾನರು. ವರ್ಷಕ್ಕೊಮ್ಮೆ ಕಣ್ಣಿಗೆ ಹೊಳಪು ಕೊಡಿಸಲು ಅಪ್ಪ ಹೋಗುವಾಗ ಅವಳೂ ಹೋಗುತ್ತಿದ್ದಳು. ಹತ್ತೊಂಬತ್ತನೇ ವಯಸ್ಸಿಗೆ ಅಲ್ಲೇ ಕೆಲಸಕ್ಕೆ ಸೇರಿಬಿಟ್ಟಳು. ಯಾಕೆ ಎಂದು ಯಾರಾದರೂ ಕೇಳಿದರೆ 'ಬಣ್ಣ ಇಷ್ಟ' ಎನ್ನುತ್ತಿದ್ದಳು. ಅದು ಅರ್ಧ ನಿಜ.

ಕೆಲಸ ಅವಳ ಕೈಗೆ ಚೆನ್ನಾಗಿ ಒಗ್ಗಿತು. ನಾಣ್ಯದಷ್ಟೂ ಇಲ್ಲದ ಬಿಲ್ಲೆಯ ಮೇಲೆ ಪದರದ ಮೇಲೆ ಪದರ ಬಣ್ಣ ಹಚ್ಚುವುದು, ಬಿಳಿಭಾಗದಲ್ಲಿ ರಕ್ತನಾಳಕ್ಕೆಂದು ಕೆಂಪು ರೇಷ್ಮೆ ಎಳೆಗಳನ್ನು ಅಂಟಿಸುವುದು, ಕೂದಲೆಳೆಯ ವ್ಯತ್ಯಾಸವನ್ನೂ ಬಿಡದೆ ಇನ್ನೊಂದು ಕಣ್ಣಿಗೆ ಹೊಂದಿಸುವುದು. 'ಉಳಿದ ಕಣ್ಣೇ ಗುರು' ಎನ್ನುವುದು ಆ ಕಾರ್ಖಾನೆಯ ಮಾತು. ಬಂದವರನ್ನು ಕಿಟಕಿಯ ಮುಂದೆ ಕೂರಿಸಿ, ಉಳಿದಿರುವ ಕಣ್ಣನ್ನು ನೋಡಿ ನೋಡಿ ಹೋದದ್ದನ್ನು ಮಾಡಬೇಕು. ಹೋದ ಕಣ್ಣು ಹೇಗಿತ್ತೆಂದು ಅಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳುವುದೇನಿದೆ, ಜೋಡಿ ಅಂದ ಮೇಲೆ ಒಂದೇ ತರಹ.

ಚಿಕ್ಕ ಯಜಮಾನರು ಕೆಲಸ ಬಿಟ್ಟ ಮೇಲೆ ಅಪ್ಪನ ಕಣ್ಣೂ ಅವಳ ಪಾಲಿಗೆ ಬಂತು. ನಾಲ್ಕು ಸಲ ಮಾಡಿದಳು. ನಾಲ್ಕು ಸಲವೂ ಅಪ್ಪ ಕಿಟಕಿಯ ಮುಂದೆ ಕೂತು ಅವಳ ಕಿವಿಯ ಹಿಂದಿನ ಗೋಡೆಯಲ್ಲಿದ್ದ ಮೊಳೆಯನ್ನು ನೋಡಿದರು.

"ಅಪ್ಪಾ, ನನ್ನ ಕಡೆ ನೋಡಿ. ಬಣ್ಣ ಸರಿಯಾಗಿ ಕಾಣಲ್ಲ."

"ನೋಡ್ತಿದೀನಲ್ಲ" ಎನ್ನುತ್ತಿದ್ದರು, ಮೊಳೆಗೆ.

ಅವಳೂ ಏನು ಕಡಿಮೆ? ಅಪ್ಪನ ವಯಸ್ಸಿನ ತಿಳಿಗಣ್ಣಿನ ಗಂಡಸು ಯಾರಾದರೂ ಆ ಕುರ್ಚಿಯಲ್ಲಿ ಕೂತರೆ ಅವಳ ಕುಂಚ ಒಂದು ಗಳಿಗೆ ನಿಲ್ಲುತ್ತಿತ್ತು. ಎಡಗಣ್ಣಿನಲ್ಲಿ ಕೆಳಗೆ ಓರೆಯಾಗಿ ಕಂದು ಗೆರೆ ಇದೆಯೇ? ಇರುತ್ತಿರಲಿಲ್ಲ. ಇಪ್ಪತ್ತೇಳು ವರ್ಷ ಹೀಗೆ ಹುಡುಕಿದಳು. ರಕ್ತಪರೀಕ್ಷೆ, ಡಿಎನ್‌ಎ ಎಲ್ಲ ಈಗ ಇವೆ, ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಅಮ್ಮ ಇರುವವರೆಗೆ ಆ ಮಾತು ಎತ್ತುವುದೇ ಅಮ್ಮನ ಕೆನ್ನೆಗೆ ಹೊಡೆದ ಹಾಗೆ. ಎಂಟು ವರ್ಷದ ಹಿಂದೆ ಅಮ್ಮ ಹೋದಳು. ಹೋಗುವ ವಾರ ಮೊದಲು, ಯಾರೂ ಕೇಳದೆ, "ನಾನು ಹೇಳಿದ್ದೇ ಹೇಳೋಕೆ ಬೇಜಾರಾಗಿ ಸುಮ್ಮನಾದೆ ಕಣೇ, ತಪ್ಪು ಮಾಡಿ ಸುಮ್ಮನಾಗಿದ್ದಲ್ಲ" ಎಂದಿದ್ದಳು. ಆ ಮಾತು ಅವಳ ಕಿವಿ ಬಿಟ್ಟು ಹೋಗಿಲ್ಲ. ಕುಕ್ಕರ್ ಕೂಗುವಾಗ, ಬಸ್ಸಿನಲ್ಲಿ, ಕುಂಚ ತೊಳೆಯುವಾಗ, ಅದು ಬಂದು ನಿಲ್ಲುತ್ತದೆ. ಅದನ್ನು ಕೇಳಿದ ಮೇಲೆ ಪರೀಕ್ಷೆಗೆ ಹೋಗುವುದೆಂದರೆ ಅಮ್ಮನನ್ನು ನಂಬಲಿಲ್ಲ ಎಂದ ಹಾಗೆ.

ಈ ವರ್ಷ ಆಸ್ಪತ್ರೆಯವರು ಹಿಂದಿನ ಕಟ್ಟಡ ಕೆಡವುತ್ತೇವೆ, ಸಾಮಾನು ಸಾಗಿಸಿ ಎಂದರು. ಹೆಚ್ಚುಕಮ್ಮಿ ನೂರು ವರ್ಷದ ಕಣ್ಣುಗಳು ಅಲ್ಲಿದ್ದವು. ಯಾವ ಕಣ್ಣನ್ನೂ ಎಸೆಯಬಾರದೆಂಬುದು ದೊಡ್ಡ ಯಜಮಾನರು ಹಾಕಿಟ್ಟ ಕಟ್ಟಳೆ. ಹಳೆಯದು, ಬಿರುಕು ಬಿಟ್ಟದ್ದು, ಮನೆಯವರು ಒಪ್ಪದೆ ಹಿಂದಿರುಗಿಸಿದ್ದು ಎಲ್ಲಕ್ಕೂ ಒಂದೊಂದು ಡ್ರಾಯರು. ಒಬ್ಬ ವ್ಯಕ್ತಿಗೆ ಜೀವನಪೂರ್ತಿ ಒಂದೇ ನಂಬರು. ಮೂರು ದಿನ ಅವಳು ಡ್ರಾಯರುಗಳನ್ನು ಎಳೆದು, ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಗೆ ತುಂಬಿದಳು. ಎಳೆದಾಗಲೆಲ್ಲ ಕಣ್ಣುಗಳು ಉರುಳಿ ಒಟ್ಟಿಗೆ ಮೇಲೆ ನೋಡುತ್ತಿದ್ದವು. ಅಭ್ಯಾಸವಿದ್ದವಳಿಗೂ ನಾಲ್ಕು ಗಂಟೆಯ ಹೊತ್ತಿಗೆ ಬೆನ್ನು ತಣ್ಣಗಾಗುತ್ತಿತ್ತು.

ಹಿಂದಿರುಗಿ ಬಂದ ಕಣ್ಣುಗಳ ಡ್ರಾಯರಿನ ತಳದಲ್ಲಿ ಒಂದು ಪುಟ್ಟ ಗಾಜಿನ ಕಣ್ಣಿತ್ತು. ಮಗುವಿನದು. ಕಟ್ಟಿದ ಚೀಟಿಯ ಮೇಲೆ ನಂಬರು ಇನ್ನೂರ ಹನ್ನೆರಡು.

ಇನ್ನೂರ ಹನ್ನೆರಡು ಅಪ್ಪನ ನಂಬರು. ನಾಲ್ಕು ಸಲ ಅವಳೇ ಕೈಯಾರೆ ಬರೆದದ್ದು.

ಕಣ್ಣನ್ನು ಮಗುಚಿದಳು. ಹಸಿರೆಂದರೆ ಹಸಿರಲ್ಲ, ಜೇನೆಂದರೆ ಜೇನಲ್ಲ. ಕೆಳಗೆ ಓರೆಯಾಗಿ ಒಂದು ಕಂದು ಗೆರೆ. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವ ಕಣ್ಣು ಈಗ ಅವಳ ಅಂಗೈಯಲ್ಲಿತ್ತು, ಅವಳು ಹುಟ್ಟುವುದಕ್ಕೆ ಇಪ್ಪತ್ತೊಂಬತ್ತು ವರ್ಷ ಮೊದಲೇ ತಯಾರಾದದ್ದು. ಕುರ್ಚಿ ಸಿಗದೆ ನೆಲದ ಮೇಲೆ ಕೂತುಬಿಟ್ಟಳು.

ಆಮೇಲೆ ಹಳೆಯ ದಾಖಲೆ ಪುಸ್ತಕ ಹುಡುಕಿದಳು. ದೊಡ್ಡ ಯಜಮಾನರ ಅಕ್ಷರ ಇರುವೆ ಸಾಲಿನಂತೆ ಚಿಕ್ಕದು, ಸಾಲು ತಪ್ಪದ್ದು. 'ಇನ್ನೂರ ಹನ್ನೆರಡು. ಗಂಡು, ಮೂರು ವರ್ಷ. ಎಡಗಣ್ಣು ಕತ್ತರಿಯಿಂದ ಗಾಯ. ತೆಗೆಯುವ ಮುಂಚೆ ನಾನೇ ನೋಡಿ ಬಣ್ಣ ಗುರುತು ಮಾಡಿಕೊಂಡೆ. ಬಲ ಕಂದು, ಎಡ ತಿಳಿ, ಹುಟ್ಟಿನಿಂದ ಹೀಗೆ. ಇದ್ದಂತೆ ಮಾಡಿಕೊಟ್ಟೆ. ತಾಯಿ ಹಿಂದಿರುಗಿಸಿದರು. ಎರಡು ಬಗೆ ಕಣ್ಣೆಂದು ಜನ ಮಗುವನ್ನು ಮುಟ್ಟುತ್ತಿರಲಿಲ್ಲವಂತೆ. ಹೋದದ್ದೇ ಒಳ್ಳೆಯದಾಯಿತು, ಎರಡೂ ಕಂದು ಮಾಡಿಕೊಡಿ, ಊರು ಬಿಟ್ಟು ಬಂದಿದ್ದೇವೆ, ಅವನಿಗೂ ತಿಳಿಯಬಾರದು ಎಂದರು. ಕಂದು ಮಾಡಿ ಕೊಟ್ಟಿದೆ.'

ಅವಳು ಅದನ್ನು ಎರಡು ಸಲ ಓದಿದಳು. ಅಜ್ಜಿ ಅಂದು ಮಗುವನ್ನು ಬೆಳಕಿಗೆ ಹಿಡಿದು ಯಾಕೆ ಅತ್ತಳೆಂದು ಈಗ ತಿಳಿಯಿತು. ನಾಚಿಕೆಗಲ್ಲ. ತಾನು ಮೂರು ದಶಕದ ಹಿಂದೆ ಡ್ರಾಯರಿಗೆ ಹಾಕಿ ಬಂದ ಕಣ್ಣು ತೊಟ್ಟಿಲಲ್ಲಿ ಮಲಗಿ ತನ್ನನ್ನೇ ನೋಡುತ್ತಿತ್ತು, ಗುರುತು ಹಿಡಿದು ಅತ್ತಳು. ಅತ್ತದ್ದು ಸರಿ, ಬಾಯಿ ಬಿಡಬೇಕಿತ್ತಲ್ಲ. ಮಗನ ಗುಟ್ಟು ಉಳಿಯಲೆಂದು ಸೊಸೆಯ ಮಾನ ಕಳೆದಳು. ಸತ್ತವರನ್ನು ಬೈಯಬಾರದೆನ್ನುತ್ತಾರೆ. ಅವಳು ಖಾಲಿ ಕೋಣೆಯಲ್ಲಿ ಕೂತು ಚೆನ್ನಾಗಿಯೇ ಬೈದಳು.

ಬೈಗುಳ ಮುಗಿದ ಮೇಲೆ ತನ್ನ ಸರದಿ ಬಂತು. ಈ ಸಾಕ್ಷಿಯನ್ನು ನಾಲ್ಕು ಸಲ ಕಂದು ಬಣ್ಣ ಹಚ್ಚಿ ಮುಚ್ಚಿದ್ದು ಅವಳ ಕೈಯೇ. ಉಳಿದ ಕಣ್ಣೇ ಗುರು. ಎಂಥಾ ಗುರು.

ಮಾರನೆಯ ದಿನ ಮುಂದಿನ ಕಟ್ಟಡದ ಕಣ್ಣಿನ ಡಾಕ್ಟರಿಗೆ ತೋರಿಸಿದಳು. ಮಾತಿಗೆ ಮುಂಚೆ ನಗುವ ಹೆಂಗಸು ಆಕೆ. ಅಂದು ನಗದೆ, ಒಮ್ಮೆ ಗಾಜಿನ ಕಣ್ಣು, ಒಮ್ಮೆ ಅವಳ ಕಣ್ಣು ನೋಡಿದರು.

"ಇದು ಸಾಕ್ಷಿ ಆಗುತ್ತಾ ಡಾಕ್ಟ್ರೇ?"

"ಕೋರ್ಟಿಗೆ ಆಗಲ್ಲ. ಕಣ್ಣಿನ ಬಣ್ಣ ಒಂದು ಜೀನ್ ಕೆಲಸ ಅಲ್ಲ, ಹತ್ತಾರು ಸೇರಿ ಮಾಡೋ ಕೆಲಸ. ಇಂಥ ಎರಡು ಬಗೆ ಕಣ್ಣು ಎಷ್ಟೋ ಸಲ ವಂಶಕ್ಕೆ ಇಳಿಯೋದೂ ಇಲ್ಲ. ಆದ್ರೆ ಅದೇ ಕಣ್ಣು, ಅದೇ ಜಾಗ, ಅದೇ ಗೆರೆ..." ಡಾಕ್ಟರು ಕಣ್ಣನ್ನು ಹತ್ತಿಯ ಮೇಲೆ ಇಟ್ಟರು. "ನನ್ನನ್ನ ಕೇಳಿದ್ರೆ ನೀವು ನಿಮ್ಮಪ್ಪನ ಮಗಳೇ. ಇನ್ನೊಂದು ಮಾತು. ಇದು ಸಿಗದೇ ಇದ್ರೂ ಅನುಮಾನಕ್ಕೆ ಕಾರಣ ಇರ್ಲಿಲ್ಲ. ಅಡಗಿರೋದು ಯಾರ ಕಣ್ಣಿಗೆ ಕಾಣುತ್ತೆ? ಸ್ಕೂಲಲ್ಲಿ ಹೇಳಿಕೊಡೋ ಲೆಕ್ಕ ನಂಬಿ ಎಷ್ಟು ಮನೆ ಹಾಳಾಗಿದೆಯೋ."

ಅಂದೇ ಸಂಜೆ ಅಪ್ಪನ ಮನೆಗೆ ಹೋದಳು. ಆಟೋದಲ್ಲಿ ಕೂತು ಗಾಜಿನ ಕಣ್ಣಿನ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅವಳಿಗೆ ಬೇಕಾದದ್ದು ಒಂದೇ. ಅಪ್ಪ ಇದನ್ನು ನೋಡಬೇಕು, ಆಮೇಲೆ ತನ್ನನ್ನು ನೋಡಬೇಕು. ಆದರೆ ನೋಡುವುದು ಹೇಗೆ? ಅಪ್ಪನಿಗೆ ಈಗ ಎಪ್ಪತ್ತೆಂಟು. ಉಳಿದ ಒಂದು ಕಣ್ಣಿನ ನರ ಒಣಗುತ್ತ ಬಂದು, ಹೋದ ವರ್ಷದಿಂದ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಅಂಗಡಿ ಮುಚ್ಚಿಯಾಗಿದೆ. ಬಣ್ಣ ಕಾಣುವ ಕಾಲದಲ್ಲಿ ಸಾಕ್ಷಿ ಇರಲಿಲ್ಲ, ಸಾಕ್ಷಿ ಸಿಕ್ಕ ಕಾಲಕ್ಕೆ ಕಣ್ಣಿಲ್ಲ. ಇನ್ನು ಉಳಿದದ್ದು ಅವಳ ಬಾಯಿಮಾತು. ಈ ಮನೆಯಲ್ಲಿ ಹೆಂಗಸರ ಬಾಯಿಮಾತಿಗೆ ಎಷ್ಟು ಬೆಲೆ ಇತ್ತೆಂದು ಅವಳಿಗೆ ಗೊತ್ತಿತ್ತು.

ಅಪ್ಪ ಕಿಟಕಿಯ ಪಕ್ಕ ಕೂತಿದ್ದರು. ಹೆಜ್ಜೆ ಸಪ್ಪಳ ಕೇಳಿ, ಹಳೆಯ ಅಭ್ಯಾಸದಂತೆ ಎಡಗಡೆಯನ್ನು ಅವಳತ್ತ ತಿರುಗಿಸಿದರು.

ಅವಳು ಸುತ್ತಿ ಬಳಸಲಿಲ್ಲ. ಡ್ರಾಯರಿನ ವಿಷಯ, ನಂಬರು, ದೊಡ್ಡ ಯಜಮಾನರು ಬರೆದದ್ದು ಎಲ್ಲವನ್ನೂ ಬಿಡದೆ ಹೇಳಿದಳು. ಡಾಕ್ಟರು ಕೋರ್ಟಿಗೆ ಆಗದೆಂದದ್ದನ್ನೂ ಮುಚ್ಚಿಡಲಿಲ್ಲ. ಆಮೇಲೆ ಕಣ್ಣನ್ನು ಅವರ ಅಂಗೈಗೆ ಇಟ್ಟಳು. ಅಪ್ಪ ಅದನ್ನು ಗಡಿಯಾರದ ಬಿಡಿಭಾಗದ ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿರುಗಿಸಿದರು.

"ಬಣ್ಣ ಹೇಳು" ಎಂದರು ಕೊನೆಗೆ.

"ಅಂಚಿಗೆ ಬೂದು. ಒಳಗೆ ಹಸಿರು, ಪಾಪೆ ಹತ್ರ ಬಂದ ಹಾಗೆ ಜೇನಿನ ಬಣ್ಣ. ಆಮೇಲೆ..." ಗೆರೆಯ ಮಾತು ಇನ್ನೂ ಹೇಳಿರಲಿಲ್ಲ, ಓದಿದ್ದರಲ್ಲೂ ಅದು ಇರಲಿಲ್ಲ.

"ಕಂದು ಗೆರೆ ಇದೆಯಾ?" ಎಂದರು ಅಪ್ಪ. "ಏಳು ಗಂಟೆ ಜಾಗದಲ್ಲಿ. ಸರಿಯಾಗಿ ಏಳಲ್ಲ, ಒಂದೆರಡು ನಿಮಿಷ ಹಿಂದೆ. ಕೆಳಗೆ ಅಗಲ, ಮೇಲೆ ಚೂಪು."

ಅವಳು ಬಗ್ಗಿ ಅವರ ಬೆರಳ ನಡುವಿನ ಕಣ್ಣನ್ನು ನೋಡಿದಳು. ಒಂದೆರಡು ನಿಮಿಷ ಹಿಂದೆಯೇ ಇತ್ತು. ಇಷ್ಟು ವರ್ಷ ಕನ್ನಡಿ ನೋಡಿದರೂ ಆ ಎರಡು ನಿಮಿಷ ಅವಳ ಗಮನಕ್ಕೆ ಬಂದಿರಲಿಲ್ಲ.

"ನಿಮಗೆ ಹೇಗೆ ಗೊತ್ತು?"

"ನಿನ್ನ ಕಣ್ಣಲ್ಲಿದೆಯಲ್ಲ."

"ನೀವು ಯಾವತ್ತು ನನ್ನ ಕಣ್ಣು ನೋಡಿದ್ರಿ ಅಪ್ಪಾ?" ಸಿಟ್ಟು ಅವಳಿಗೇ ಗೊತ್ತಾಗದಂತೆ ದನಿಯಲ್ಲಿ ಬಂತು.

"ಒಂದೇ ಸಲ. ನಿನಗೆ ಒಂದು ವರ್ಷ ಆಗಿತ್ತು. ಅಂಗಡಿಯ ಭೂತಗನ್ನಡಿ ಮನೆಗೆ ತಂದಿದ್ದೆ. ನೀನು ಮೇಜಿನ ಮೇಲೆ ಕೂತಿದ್ದೆ, ನಗ್ತಿದ್ದೆ. ನಿನ್ನ ಗಲ್ಲ ಹಿಡ್ಕೊಂಡು, ಕನ್ನಡಿ ಹಾಕ್ಕೊಂಡು, ಎರಡೂ ಕಣ್ಣೊಳಗೆ ನೋಡಿದೆ. ಹೊತ್ತಾಗೋವರೆಗೂ ನೋಡಿದೆ." ಅಪ್ಪ ಗಾಜಿನ ಕಣ್ಣನ್ನು ಮುಷ್ಟಿಯಲ್ಲಿ ಮುಚ್ಚಿದರು. "ನಿಮ್ಮಮ್ಮ ಬಾಗಿಲಲ್ಲಿ ನಿಂತಿದ್ಲು. ಏನು ಹುಡುಕ್ತಿದೀರಿ ಅಂದ್ಲು."

"ಏನಂದ್ರಿ?"

"ನನ್ನದೇನಾದ್ರೂ ಇದೆಯಾ ನೋಡ್ತಿದೀನಿ ಅಂದೆ."

ಹೊರಗೆ ಯಾರದೋ ಸೈಕಲ್ ಬೆಲ್ ಆಯಿತು.

"ಎಲ್ಲಾ ನನ್ನದೇ ಇತ್ತು" ಎಂದರು ಅಪ್ಪ. "ಅದನ್ನೇ ನೋಡ್ತಾ ಕೂತಿದ್ದೆ. ಏನೂ ಇಲ್ಲ ಅಂತ ಎದ್ದು ಹೋದೆ. ಅವತ್ತಿಂದ ಅವಳು ಹೇಳೋದು ಬಿಟ್ಲು. ಈಗ ಅವಳಿಗೆ ಯಾರು ಹೇಳ್ತಾರೆ?"

ತಾನೂ ಇಪ್ಪತ್ತೇಳು ವರ್ಷ ಆ ಕುರ್ಚಿಯಲ್ಲಿ ಕೂತ ಮುದುಕರ ಕಣ್ಣೊಳಗೆ ಹುಡುಕಿದವಳು. ಅಪ್ಪನನ್ನು ಬೈಯಲೆಂದು ಕೂಡಿಟ್ಟಿದ್ದ ಮಾತೆಲ್ಲ ಅವಳಿಗೂ ಅಷ್ಟೇ ಸಲ್ಲುತ್ತಿತ್ತು. ಅಪ್ಪನ ಪಕ್ಕ ಕೂತಳು, ಅಷ್ಟು ಮಾತ್ರ ಮಾಡಲು ಸಾಧ್ಯವಾಯಿತು.

"ಈ ಸಲ ಕಣ್ಣು ಮಾಡುವಾಗ ಇದರ ಹಾಗೆ ಮಾಡು" ಎಂದರು ಅವರು.

ಮಾಡಿದಳು. ಹೊಸ ಕೋಣೆಯ ಹೊಸ ಮೇಜಿನ ಮೇಲೆ ಮೊದಲು ಮಾಡಿದ್ದು ಅದನ್ನೇ. ಎದುರಿನ ಕುರ್ಚಿ ಖಾಲಿ. ಒಂದು ಕನ್ನಡಿ ಮತ್ತು ಆ ಪುಟ್ಟ ಗಾಜಿನ ಕಣ್ಣನ್ನು ಮುಂದಿಟ್ಟುಕೊಂಡು ಐದು ದಿನ ಬಣ್ಣ ಹಚ್ಚಿದಳು. ಕಂದು ಗೆರೆಯನ್ನು ಏಳಕ್ಕೆ ಒಂದೆರಡು ನಿಮಿಷ ಹಿಂದೆಯೇ ಇಟ್ಟಳು.

ಮನೆಗೆ ಹೋಗಿ ಅಪ್ಪನ ರೆಪ್ಪೆ ಎತ್ತಿ ಅದನ್ನು ಕೂರಿಸಿದಳು. ಒಂದು ಕಂದು, ಒಂದು ತಿಳಿ. ಎಪ್ಪತ್ತೈದು ವರ್ಷದ ಹಿಂದಿನ ಆ ಮಗು ಮುದಿ ಮುಖದೊಳಗಿಂದ ಇಣುಕಿದಂತಾಯಿತು. ಅವಳದೇ ಕಣ್ಣು ಅಪ್ಪನ ಮುಖದಲ್ಲಿ ಕೂತು ಅವಳನ್ನು ನೋಡಿತು. ಆರು ವರ್ಷದ ಹುಡುಗಿಯ ಭಯ ಒಂದು ಕ್ಷಣ ಮೈಯೊಳಗೆ ಹರಿದು ಹೋಯಿತು.

"ಸರಿಯಾಗಿ ಕೂತಿದೆಯಾ?" ಎಂದರು ಅಪ್ಪ.

"ಕೂತಿದೆ."

"ನಿಮ್ಮಮ್ಮನ ಫೋಟೋ ಯಾವ ಗೋಡೇಲಿದೆ?"

"ನಿಮ್ಮ ಬಲಗಡೆ."

ಅಪ್ಪ ಕುರ್ಚಿಯ ಕೈ ತಡಕಿ ಎದ್ದು ನಿಂತರು. "ಕುರ್ಚಿ ತಿರುಗಿಸು. ಎಡಗಡೆ ಅವಳಿಗೆ ಬರೋ ಹಾಗೆ ಇಡು. ಅವಳು ನೋಡ್ಲಿ."

ಅವಳು ಕುರ್ಚಿ ತಿರುಗಿಸಿದಳು. ಅಪ್ಪ ಕೂತು, ಎಡಗಣ್ಣನ್ನು ಗೋಡೆಯ ಕಡೆಗೆ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ದೀಪ ಹಾಕುವ ಹೊತ್ತಾದರೂ ಹಾಗೇ ಕೂತಿದ್ದರು. ಫೋಟೋದೊಳಗೆ ಅಮ್ಮ, ಬಾಗಿಲಲ್ಲಿ ನಿಂತವಳ ಹಾಗೆ, ನೋಡುತ್ತಿದ್ದಳು.